ಗಾದಿಲಿಂಗಪ್ಪನ ನಲವತ್ತನೆಯ ಪುಟ

ಕೊಟ್ಟೂರಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಗಾದಿಲಿಂಗಪ್ಪನಿಗೆ ಅಕ್ಷರ ಕಸುಬು, ಚಿತ್ರ ಚಟ. ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಚೌಕ ಎಳೆದು ವಾರಕ್ಕೊಂದು ಪುಟ ಕಾಮಿಕ್ಸ್ ಬರೆಯುತ್ತಿದ್ದ. ಸಂತೆಯ ದಿನ ಅದು ಬಸ್ ನಿಲ್ದಾಣದ ಎದುರು ಎರ್ರಮ್ಮನ ಚಹಾದಂಗಡಿಯ ಗೋಡೆಗೆ ಬರುತ್ತಿತ್ತು. ಹಳ್ಳಿಯಿಂದ ಪಿಯುಸಿಗೆ ಬರುತ್ತಿದ್ದ ನಾನು ಪಠ್ಯಪುಸ್ತಕವಲ್ಲದ್ದನ್ನು ಮೊದಲು ಓದಿದ್ದು ಆ ಗೋಡೆಯ ಮೇಲೆ.

ಅವನ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಚಿತ್ರಗಳೆಲ್ಲ ಮುಗಿಯಬೇಕು. ಬಾಯಿಯ ಪಕ್ಕ ಮಾತಿಗೆಂದು ಬಿಟ್ಟ ಗುಳ್ಳೆಗಳು ಖಾಲಿ ಇರುತ್ತಿದ್ದವು. ಹಾಳೆ ಎರಡು ದಿನ ಒಣಗಿದ ಮೇಲೆ ಸಣ್ಣ ಕುಂಚದಿಂದ ಅವುಗಳಲ್ಲಿ ಮಾತು ತುಂಬುತ್ತಿದ್ದ. ನಗು ಇರುತ್ತಿದ್ದದ್ದು ಆ ಮಾತಿನಲ್ಲೇ.

ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನ ಕೊಟ್ರಬಸಪ್ಪ ಒಮ್ಮೆ, "ನಲವತ್ತು ಪುಟ ಆಗ್ಲಿ, ಪುಸ್ತಕ ಮಾಡೂಣು" ಅಂದಿದ್ದ. ಅಂದಿನಿಂದ ಗಾದಿಲಿಂಗಪ್ಪ ಆ ಪುಸ್ತಕಕ್ಕಾಗಿಯೇ ಬದುಕಿದ. ರಟ್ಟಿನ ಮೇಲಿನ ಹೆಸರನ್ನು ಹತ್ತು ಬಗೆಯ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದ.

ಎರಡು ಸಾವಿರದ ಇಸವಿಯ ಏಪ್ರಿಲ್. ಮೇ ತಿಂಗಳಲ್ಲಿ ಗ್ರಹಗಳೆಲ್ಲ ಒಂದೇ ಸಾಲಿಗೆ ಬಂದು ಪ್ರಳಯವಾಗುತ್ತದೆ ಎಂಬ ಸುದ್ದಿ ಕೂಡ್ಲಿಗಿಯಿಂದ ಹಡಗಲಿಯವರೆಗೆ ಹಬ್ಬಿತ್ತು. ಸೋಜಿಗದ ಸಂಗತಿಯೆಂದರೆ, ಅದಕ್ಕೆ ಯಾರೂ ಅಷ್ಟಾಗಿ ಅಂಜಿರಲಿಲ್ಲ. ಕೋರ್ಟಿನಲ್ಲಿ ಅಣ್ಣತಮ್ಮಂದಿರ ವ್ಯಾಜ್ಯ ಇದ್ದವರು, ಮಗಳಿಗೆ ಗಂಡು ಸಿಗದವರು ಒಂದು ಬಗೆಯ ನಿರಾಳದಲ್ಲಿದ್ದರು.

"ಎಲ್ಲಾರೂ ಒಂದ ದಿನ ಸಾಯ್ತಾರಂದ್ರ ಹೊಟ್ಟೆಕಿಚ್ಚು ಪಡಾಕ ಯಾರೂ ಉಳಿಯಂಗಿಲ್ಲ ನೋಡು," ಅಂದ ಗಾದಿಲಿಂಗಪ್ಪ. "ಅದಕ್ಕ ಖುಷಿಯಾಗ್ಯಾರ."

ನಲವತ್ತನೆಯ ಪುಟಕ್ಕೆ ಅವನು ಅದನ್ನೇ ತೆಗೆದುಕೊಂಡ. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ಸಾಲುಗಟ್ಟಿದ ಗ್ರಹಗಳು. ಮನೆ ಮಾರಿ ರೈಲ್ವೆ ಸ್ಟೇಷನ್ನಿನಲ್ಲಿ ಕೂತ ಜನ. ಕೊನೆಯ ಚೌಕ ಪೂರ್ತಿ ಕಪ್ಪು, ನಡುವೆ ಒಂದು ಗುಳ್ಳೆ. ಅದರೊಳಗೆ ಬರಬೇಕಿದ್ದ ಮಾತನ್ನು ನನಗೆ ಮೊದಲೇ ಹೇಳಿದ್ದ: "ಕರೆಂಟ್ ಹೋಗೈತ್ರಿ, ಯಾರತ್ರನರ ಕಡ್ಡಿಪೆಟ್ಟಿಗಿ ಐತೇನು?"

ಚಿತ್ರ ಮುಗಿದ ದಿನವೇ ಹೊಳಲಿನಿಂದ ಅವಸರದ ಬೋರ್ಡಿನ ಕೆಲಸ ಬಂತು. ಹಾಳೆ ಒಣಗಲಿ ಎಂದು ಎರ್ರಮ್ಮನ ಅಂಗಡಿಯಲ್ಲಿಟ್ಟು ಹೋದ. ಮರುದಿನ ಸಂತೆ. ಓದು ಬಾರದ ಎರ್ರಮ್ಮ ಗುಳ್ಳೆಗಳು ಖಾಲಿ ಇದ್ದದ್ದನ್ನು ಲೆಕ್ಕಿಸದೆ ಪ್ರತಿ ವಾರದಂತೆ ಅದನ್ನು ಗೋಡೆಗೆ ಹಾಕಿದಳು.

ಮೈಲಾರದ ಜಾತ್ರೆಯಲ್ಲಿ ಭವಿಷ್ಯವೆಂದು ನುಡಿಯುವ ಕಾರ್ಣಿಕದ ಒಂದು ಸಾಲನ್ನು ಹಿಡಿದು ಮಳೆ ಎಷ್ಟು, ರಾಜ್ಯ ಯಾರದು ಎಂದು ವರ್ಷವಿಡೀ ಬಿಡಿಸುವ ಜನ ನಾವು. ಮಾತಿಲ್ಲದ ಚಿತ್ರ ಸಿಕ್ಕರೆ ಬಿಡುತ್ತೇವೆಯೇ? ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು ನಿಂತು ನೋಡತೊಡಗಿದರು. ಯಾರೋ ಊದುಬತ್ತಿ ಹಚ್ಚಿದರು.

"ಬಾಯಿ ಐತಿ, ಮಾತಿಲ್ಲ. ಕೊನೀಗೆ ಕತ್ತಲ. ಇದನ್ನ ಅವ ಬರದಿಲ್ಲಪ್ಪ, ಯಾರೋ ಬರಿಸ್ಯಾರ."

ಮೂರನೆಯ ದಿನ ಗಾದಿಲಿಂಗಪ್ಪ ಬಂದು, ಜನರ ಎದುರೇ ಹಾಳೆ ಇಳಿಸಿ ಮಾತು ತುಂಬಿದ. ಯಾರೂ ನಗಲಿಲ್ಲ.

"ಪೊಲೀಸರಿಗೆ ಅಂಜಿ ಬದಲ ಮಾಡ್ಯಾನ," ಅಂದರು.

ಅಷ್ಟರಲ್ಲಿ ಕೊಟ್ರಬಸಪ್ಪ ಆ ಕಪ್ಪು ಚೌಕದ್ದಷ್ಟೇ ಅಚ್ಚಿನ ಬ್ಲಾಕ್ ಮಾಡಿಸಿ ಕರಪತ್ರ ಹಾಕಿದ್ದ. ಗುಳ್ಳೆಯಲ್ಲಿ ಪ್ರಳಯದ ದಿನಾಂಕ, ಕೆಳಗೆ "ಚಿತ್ರ: ಗಾದಿಲಿಂಗಪ್ಪ." ಪ್ರೆಸ್ಸಿನ ಹೆಸರಿರಲಿಲ್ಲ. ಹರಪನಹಳ್ಳಿಯ ಬಸ್ಸುಗಳಲ್ಲೂ ಅದು ಮಾರಾಟವಾಯಿತು.

"ನನ್ನ ಪುಸ್ತಕ?" ಎಂದು ಗಾದಿಲಿಂಗಪ್ಪ ಕೇಳಲು ಹೋದ.

"ನಗೂದಕ್ಕ ಯಾರು ರೊಕ್ಕ ಕೊಡ್ತಾರಲೇ? ಅಂಜಿಕೀಗೆ ಕೊಡ್ತಾರ. ತಡಿ, ಮೇ ಮುಗೀಲಿ."

ಮೇ ಮುಗಿಯಿತು. ಏನೂ ಆಗಲಿಲ್ಲ. ಬದುಕುಳಿದ ಜನಕ್ಕೆ ಸಿಟ್ಟು ಬಂತು. ಕರಪತ್ರದ ಮೇಲೆ ಇದ್ದದ್ದು ಒಂದೇ ಹೆಸರು. ಹಗರಿಬೊಮ್ಮನಹಳ್ಳಿಯಲ್ಲಿ ಹೊಸ ಬಟ್ಟೆ ಅಂಗಡಿ ತೆರೆದವರು ಬೋರ್ಡು ಅರ್ಧ ಬರೆದಿರುವಾಗಲೇ ಅವನನ್ನು ಏಣಿಯಿಂದ ಇಳಿಸಿದರು: "ತಪ್ಪು ತಿಳಿಬ್ಯಾಡ್ರಿ. ಪ್ರಳಯದ ಚಿತ್ರ ಬರದ ಕೈಯಿಂದ ಹೊಸಾ ಅಂಗಡಿ ಹೆಸರು ಬ್ಯಾಡಂತಾರ ಮನ್ಯಾಗ." ಆಮೇಲೆ ಅವನಿಗೆ ಉಳಿದದ್ದು ವಿದ್ಯುತ್ ಕಂಬಗಳಿಗೆ ನಂಬರು ಬರೆಯುವ ಕೆಲಸ. ಫ್ಲೆಕ್ಸ್ ಬಂದ ಮೇಲೆ ಬೇರೆ ಪೇಂಟರುಗಳೂ ಕೆಲಸ ಕಳೆದುಕೊಂಡರು, ಆದರೆ ಅವರನ್ನು ಯಾರೂ ಆಡಿಕೊಳ್ಳಲಿಲ್ಲ.

ನಾನು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಊರಿಗೆ ಬಂದಾಗ ಅವನನ್ನು ನೋಡುತ್ತಿದ್ದೆ. 2009ರಲ್ಲಿ ಹಾಗೆ ಅವನ ಮನೆಗೆ ಹೋಗಿದ್ದಾಗ ಕೊಟ್ರಬಸಪ್ಪ ಬಂದ.

"ಹನ್ನೆರಡನೇ ಇಸ್ವೀಗೆ ಮತ್ತ ಪ್ರಳಯ ಐತಂತ. ಹೊಸದೊಂದು ಬರಕೊಡು. ಈ ಸಲ ಪುಸ್ತಕಾನೂ ಮಾಡೇ ಬಿಡ್ತೀನಿ."

ಗಾದಿಲಿಂಗಪ್ಪ ಟ್ರಂಕಿನಿಂದ ಹಾಳೆಗಳನ್ನು ತೆಗೆದು ಹರಡಿದ. ಪ್ರತಿ ಚೌಕದಲ್ಲೂ ಗುಳ್ಳೆ, ಗುಳ್ಳೆ ತುಂಬ ಮಾತು. ಮಾತಾಡುವವರು ಎಲ್ಲೂ ಇರಲಿಲ್ಲ.

"ಮಂದಿ ಎಲ್ಲೋ?" ಅಂದ ಕೊಟ್ರಬಸಪ್ಪ.

"ಈಗ ಮಾತು ಮೊದಲ ಬರೀತೀನಿ. ಮಂದಿ ಆಮ್ಯಾಲೆ."

"ಆಮ್ಯಾಲೆ ಅಂದ್ರ ಯಾವಾಗ?"

"ಒಂಬತ್ತು ವರ್ಷ ಆತು. ಮಂದಿ ಮಾರಿ ಬರಿಯಾಕ ಮನಸ ಬರವಲ್ದು."

ಕೊಟ್ರಬಸಪ್ಪ ಎದ್ದ. "ಇರ್ಲಿ ಬಿಡು. ಹಳೇ ಬ್ಲಾಕ್ ಪ್ರೆಸ್ಸಿನಾಗ ಐತಿ. ತಾರೀಖು ಬದಲ ಮಾಡಿದ್ರ ಆತು."

ಮುಂದಿನ ತಿಂಗಳು ಹೊಸ ತಾರೀಖಿನ ಕರಪತ್ರ ಎರ್ರಮ್ಮನ ಗೋಡೆಗೆ ಬಂತು. ಅದೇ ಕಪ್ಪು ಚೌಕ, ಅದೇ ಹೆಸರು. ಗಾದಿಲಿಂಗಪ್ಪ ಅದರ ಕೆಳಗೇ ಕೂತು ಚಹಾ ಕುಡಿದ. ಪಕ್ಕದಲ್ಲಿದ್ದವನೊಬ್ಬ ಚಿತ್ರ ನೋಡುತ್ತ, "ಇದನ್ನ ಬರದಾವ ಇನ್ನೂ ಅದಾನೇನ್ರಿ?" ಎಂದು ಕೇಳಿದ.

"ಇಲ್ಲ," ಅಂದ ಗಾದಿಲಿಂಗಪ್ಪ.