ಗೆದ್ದವರನ್ನು ಮರೆತ ವರದಿ

ಟಿಲ್‌ಬರ್ಗ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಪಕ್ಕದವರೊಬ್ಬರು ಕ್ರೊಕೆಟ್ ತಿನ್ನುತ್ತ ನಿಂತಿದ್ದರು. ಕರಿದ ಎಣ್ಣೆಗೆ ಸಾಸಿವೆಯ ಘಾಟು ಬೆರೆತ ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಕೆಲವರಿಗೆ ಆಸ್ಪತ್ರೆಯ ಫಿನಾಯಿಲು, ಕೆಲವರಿಗೆ ಪರೀಕ್ಷಾ ಕೊಠಡಿಯ ಹೊಸ ಸುಣ್ಣ. ನನ್ನ ಪಾಲಿಗೆ ಬಂದದ್ದು ಮಾಂಸ ತುಂಬಿ ಕರಿದ ಈ ಉದ್ದುರುಟು ತಿಂಡಿ. ನಾನದನ್ನು ಒಮ್ಮೆಯೂ ತಿಂದವನಲ್ಲ. ಆದರೆ ಒಂದು ತಟ್ಟೆ ಕ್ರೊಕೆಟ್‌ಗಳ ಎದುರು ಕೂತು ಮಾನ ಕಳೆದುಕೊಂಡಿದ್ದೇನೆ.

ಕಳೆದುಕೊಂಡದ್ದು ನೆದರ್‌ಲ್ಯಾಂಡ್ಸ್‌ನ ಕ್ರೀಡಾ ಪತ್ರಕರ್ತರ ಸಂಘದ ಸದಸ್ಯತ್ವ ಸಮಿತಿಯ ಮುಂದೆ. ನಾನು ಹೊಟ್ಟೆಪಾಡಿಗೆ ಪತ್ರಕರ್ತನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಯಾವ ಟ್ರಕ್ಕು ಗೋದಾಮಿನ ಯಾವ ಬಾಗಿಲಿಗೆ ಬಂದು ನಿಲ್ಲಬೇಕು ಎಂದು ನಿರ್ಧರಿಸುವುದು ನನ್ನ ಕೆಲಸ, ಅದಕ್ಕಾಗಿ ಎಂ.ಎ. ಓದಿದೆನೇ ಎಂದು ಕೇಳಬೇಡಿ. ಭಾನುವಾರ ಮಾತ್ರ ಹಾಕಿ ಪಂದ್ಯ ನೋಡಿ, ನಮ್ಮ ವಿಜಯಪುರದ ಕಡೆಯ ಸಣ್ಣ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದೆ. ಅವರು ಅಚ್ಚು ಹಾಕುತ್ತಿದ್ದರು. ನನ್ನ ಬರಹ ಚೆನ್ನಾಗಿದೆ ಎಂದು ಹಾಕುತ್ತಿದ್ದರೋ, ಹೆಸರಿನ ಕೆಳಗೆ ‘ನೆದರ್‌ಲ್ಯಾಂಡ್ಸ್‌ನಿಂದ’ ಎಂದು ಅಚ್ಚಾದರೆ ಪುಟಕ್ಕೊಂದು ಕಳೆ ಎಂದು ಹಾಕುತ್ತಿದ್ದರೋ, ನಾನು ವಿಚಾರಿಸಲು ಹೋಗಲಿಲ್ಲ. ಕೆಲವು ಅನುಮಾನಗಳನ್ನು ಬಗೆಹರಿಸಿಕೊಳ್ಳದೆ ಇಟ್ಟುಕೊಳ್ಳುವುದು ಆರೋಗ್ಯಕ್ಕೆ ಒಳ್ಳೆಯದು.

ಸಂಘದ ಕಾರ್ಡಿದ್ದರೆ ಮೈದಾನದಲ್ಲಿ ಪತ್ರಕರ್ತರ ಬೆಂಚಿನಲ್ಲಿ ಕೂರಬಹುದು. ನಮ್ಮ ಕಡೆಯ ಕ್ಲಬ್ಬುಗಳಲ್ಲಿ ಅದು ಸೂರಿಲ್ಲದ ಮರದ ಬೆಂಚು, ಪ್ರೇಕ್ಷಕರ ಕುರ್ಚಿಯೇ ವಾಸಿ. ಆದರೂ ನನಗೆ ಅದೇ ಬೇಕಿತ್ತು. ಪಂದ್ಯದ ನಡುವೆ ಯಾರಾದರೂ ಬಗ್ಗಿ, “ಏನು ಬರೆಯುತ್ತಿದ್ದೀರಿ?” ಎಂದರೆ ನಾನು ಪೆನ್ನು ಜೇಬಿಗೆ ಸೇರಿಸಿ “ಸುಮ್ಮನೆ” ಅನ್ನುತ್ತಿದ್ದೆ. ಇಷ್ಟು ವರ್ಷ ಇದ್ದ ಊರಿನಲ್ಲಿ ಒಂದು ಪ್ರಶ್ನೆಗಾದರೂ ‘ಸುಮ್ಮನೆ’ಯಲ್ಲದ ಉತ್ತರ ಇರಲಿ ಎಂಬ ಆಸೆ. ಟ್ರಕ್ಕಿನ ವಿಚಾರ ಯಾರೂ ಕೇಳುವುದಿಲ್ಲ.

ಸಮಿತಿಯಲ್ಲಿ ಕನ್ನಡ ಬಲ್ಲವರು ಯಾರಿದ್ದಾರು? ನನ್ನದೇ ಒಂದು ವರದಿಯನ್ನು ಡಚ್ಚಿಗೆ ಅನುವಾದಿಸಿ ತರಲು ಹೇಳಿದ್ದರು. ನಾನು ಅತ್ಯುತ್ತಮವಾದದ್ದನ್ನೇ ಆರಿಸಿದೆ. ಅದು ಮಹಿಳೆಯರ ಲೀಗಿನ ಪಂದ್ಯ. ಬೆಸ್ಟ್ ಎಂಬ ಊರಿನಲ್ಲಿ ನಮ್ಮದೇ ಬೀದಿಯಲ್ಲಿರುವ ಇರ್ಫಾನ್ ಕೂಡ ನನ್ನ ಜೊತೆ ಬಂದಿದ್ದ. ಅವನೂ ವಿಜಯಪುರದವನೇ, ಮನೆಯಲ್ಲಿ ದಖ್ಖನಿ ಉರ್ದು, ನನ್ನ ಜೊತೆ ನಮ್ಮೂರ ಕನ್ನಡ. ಅನುವಾದ ಮಾಡುವಾಗ ಒಂದು ವಿಚಿತ್ರ ಕಂಡಿತು. ಕನ್ನಡದಲ್ಲಿ ಬಲೆ ಹರಿದ ಮೀನಿನಂತೆ ನುಸುಳಿದ್ದ ಚೆಂಡು ಡಚ್ಚಿಗೆ ಬರುವಾಗ ಬರೀ ಉರುಳಿತು. ಭಾಷೆಯ ಬಡತನ ಎಂದುಕೊಂಡೆ. ಡಚ್ ಭಾಷೆಯ ಬಡತನ, ಮತ್ತೇನಲ್ಲ.

ಸಭೆ ನಡೆದದ್ದು ಒಂದು ಹಾಕಿ ಕ್ಲಬ್ಬಿನ ಕ್ಯಾಂಟೀನಿನಲ್ಲಿ. ನಡುವೆ ಕ್ರೊಕೆಟ್ ತಟ್ಟೆ. ಎದುರಿಗೆ ಮರೈಕೆ, ಜೀವಮಾನವಿಡೀ ಹಾಕಿ ಬರೆದವರು, ಬೆಳ್ಳಿಕೂದಲು, ಆಟಗಾರ್ತಿಯ ಮುಂಗೈ. ಅವರು ನನ್ನನ್ನು ಮೊದಲ ಮಾತಿನಲ್ಲೇ ‘ನೀನು’ ಎಂದರು, ಇಲ್ಲಿ ಅದೇ ರೂಢಿ. ಅವರ ಮಾತನ್ನು ನಾನು ಇಲ್ಲಿ ‘ನೀವು’ ಎಂದೇ ಬರೆಯುತ್ತೇನೆ. ನನ್ನ ಮರ್ಯಾದೆಗೆ ನಾನಾದರೂ ಕಾವಲಿರಬೇಕಲ್ಲ.

ಅವರು ನಿಧಾನವಾಗಿ ಓದಿದರು. ಹಾಳೆ ತಿರುವಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

“ಗೆದ್ದವರು ಯಾರು?”

“ಅದರಲ್ಲೇ ಇದೆಯಲ್ಲ.”

“ಇಲ್ಲ. ಕಾಲುವೆ ದಂಡೆಯ ಕೊಕ್ಕರೆ ಇದೆ. ಗೋಲ್‌ಕೀಪರ್ ಹೆಲ್ಮೆಟ್ ತೆಗೆದು ಜಡೆ ಬಿಗಿದುಕೊಂಡದ್ದಿದೆ. ಒಂದು ಗೋಲಿನ ಬಗ್ಗೆ ಅರ್ಧ ಪುಟ ಇದೆ. ಫಲಿತಾಂಶ ಇಲ್ಲ.”

ಪಕ್ಕದ ಸದಸ್ಯರು ಕ್ರೊಕೆಟ್ ಕಚ್ಚಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ನಾನು ನೆನಪಿಸಿಕೊಳ್ಳಲು ನೋಡಿದೆ. ಕೊಕ್ಕರೆ ನೆನಪಾಯಿತು. ಜಡೆ ನೆನಪಾಯಿತು. “ಒಂದು ನಿಮಿಷ,” ಎಂದು ಹೊರಗೆ ಸೈಕಲ್ ಸ್ಟ್ಯಾಂಡಿಗೆ ಬಂದು ಇರ್ಫಾನನಿಗೆ ಫೋನ್ ಮಾಡಿದೆ.

“ದೋಸ್ತ, ಅವತ್ತಿನ ಮ್ಯಾಚ್‌ನಾಗ ಯಾರು ಗೆದ್ದರೋ?”

“ನನಗೇನ್ ಗೊತ್ತಪಾ? ಚಳಿ ಅಂತ ಹಾಫ್‌ಟೈಮಿಗೇ ಎದ್ದು ಬಂದಿದ್ದೆ. ಉಳಿದದ್ದು ನಿನ್ನ ಪೇಪರ್‌ನಾಗ ಓದೂಣು ಅಂತ ಬಿಟ್ಟೆ.”

“ಓದಿದಿ?”

“ಓದಿದೆ. ಕೊಕ್ಕರೆ ಗೆದ್ದಂಗಿತ್ತು.”

ಒಳಗೆ ಹೋಗಿ “ಗೊತ್ತಿಲ್ಲ” ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಉಪಕಾರವಾಗುತ್ತಿತ್ತು.

ಕೆಲವು ದಿನಗಳ ಮೇಲೆ ಮರೈಕೆಯೇ ಫೋನ್ ಮಾಡಿದರು. ಆ ಪಂದ್ಯಕ್ಕೆ ಅವರೂ ಹೋಗಿದ್ದರಂತೆ. ಊರಿನ ತಂಡ ಸೋತಿತ್ತು, ಮೂರು–ಒಂದು. “ಇನ್ನೊಂದು ಮಾತು. ನೀವು ಅರ್ಧ ಪುಟ ಬರೆದ ಆ ಗೋಲು ಗೋಲೇ ಅಲ್ಲ. ಅವಳು ಹೊಡೆದದ್ದು ಡಿ ವೃತ್ತದ ಹೊರಗಿನಿಂದ. ಅಂಪೈರ್ ಆಗಲೇ ಸೀಟಿ ಊದಿದ್ದರು.”

ನಾನು ಡಯರಿ ತೆಗೆದು ನೋಡಿದೆ. ‘ಎಂಥ ಗೋಲು!’ ಎಂದು ಬರೆದುಕೊಂಡಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಆ ಹುಡುಗಿ ಬಾಗುವುದು, ಬಲೆ ಉಬ್ಬುವುದು, ಎಲ್ಲ ಕಾಣುತ್ತದೆ. ಸೀಟಿ ಮಾತ್ರ ಕೇಳಿಸುವುದಿಲ್ಲ. ತಪ್ಪೆಂದು ಗೊತ್ತಾದ ಮೇಲೂ ಗೋಲು ರದ್ದಾಗಿಲ್ಲ. ನನ್ನ ಬಾಲ್ಯದ ಬಗ್ಗೆ, ಮದುವೆಯ ಬಗ್ಗೆ ನಾನು ಹೇಳುವುದರಲ್ಲಿ ಇಂಥ ಎಷ್ಟು ಗೋಲುಗಳಿವೆಯೋ! ನೀವು ಇದನ್ನೆಲ್ಲ ನಂಬಿಕೊಂಡು ಓದುತ್ತಿದ್ದರೆ ಜವಾಬ್ದಾರಿ ನಿಮ್ಮದು.

“ಹಾಗಾದರೆ ಕಾರ್ಡು?” ಎಂದು ಕೇಳಿದೆ. ನಾಚಿಕೆಗೂ ಒಂದು ಮಿತಿಯಿದೆ.

“ಇಲ್ಲ,” ಎಂದರು ಮರೈಕೆ. ಈ ದೇಶದವರ ‘ಇಲ್ಲ’ಕ್ಕೆ ಹಿಂದೆ ಮುಂದೆ ಬಾಲಂಗೋಚಿ ಇರುವುದಿಲ್ಲ. ಆದರೆ ಅವರು ಫೋನ್ ಇಡಲಿಲ್ಲ. “ಗೋಲ್‌ಕೀಪರ್ ಜಡೆ ಬಿಗಿದುಕೊಂಡದ್ದು ನನಗೆ ಮರೆತೇ ಹೋಗಿತ್ತು. ನಿಮ್ಮದು ಓದಿದಾಗ ನೆನಪಾಯಿತು. ಅದಕ್ಕೆಲ್ಲ ಕಾರ್ಡು ಕೊಡಲಾಗುವುದಿಲ್ಲ. ಒಂದು ವರ್ಷ, ಮೊದಲ ಸಾಲಿನಲ್ಲೇ ಫಲಿತಾಂಶ ಬರೆದು ಅಭ್ಯಾಸ ಮಾಡಿ. ಪ್ರತಿ ವರದಿಯನ್ನೂ ನನಗೆ ಕಳಿಸಿ.”

ಕಳಿಸಿದೆ. ಡಚ್ಚಿನಲ್ಲಿ ಕಳಿಸಬೇಕಾದದ್ದರಿಂದ ಕನ್ನಡದ ಮೀನುಗಳು ತಾವಾಗಿಯೇ ಕಡಿಮೆಯಾದವು. ಅವರು ಕೆಂಪು ಶಾಯಿಯಲ್ಲಿ ‘ಯಾರು?’, ‘ಎಷ್ಟನೇ ನಿಮಿಷ?’ ಎಂದಷ್ಟೇ ಕೇಳುತ್ತಿದ್ದರು. ಕೊಕ್ಕರೆ ಬಂದಲ್ಲಿ ಸುಮ್ಮನೆ ಒಂದು ಅಡ್ಡಗೆರೆ. ಕ್ರಮೇಣ ಕೆಂಪು ಕಡಿಮೆಯಾಯಿತು. ಕಾರ್ಡು ಬಂದ ದಿನ ನಾನು ಅದನ್ನು ಕೊರಳಿಗೆ ಹಾಕಿಕೊಂಡೇ ತರಕಾರಿ ತರಲು ಹೋದೆ. ಅಂಗಡಿಯಲ್ಲಿ ಯಾರೂ ಏನು ಎಂದು ಕೇಳಲಿಲ್ಲ.

ಇವತ್ತು ಟಿಲ್‌ಬರ್ಗ್‌ನಲ್ಲಿ ಪಂದ್ಯ ಮುಗಿದ ಕೂಡಲೇ ಬೆಂಚಿನಿಂದಲೇ ವರದಿ ಕಳಿಸಿದ್ದೆ, ಒಂದು ತಪ್ಪಿಲ್ಲದೆ. ರೈಲು ಹತ್ತಿ ಕೂತ ಮೇಲೆ ಇರ್ಫಾನನ ಫೋನ್ ಬಂತು.

“ಮ್ಯಾಚ್ ಹ್ಯಾಂಗಿತ್ತಪಾ?”

“ಎರಡು–ಒಂದು. ಎರಡನೇದು ಪೆನಾಲ್ಟಿ ಕಾರ್ನರ್, ಐವತ್ತೆಂಟನೇ ನಿಮಿಷ.”

“ಅದು ನನ್ನ ಫೋನ್‌ನಾಗೂ ಬಂದೈತಿ. ನೀ ನೋಡಾಕ ಹೋಗಿದ್ದಿ. ಹ್ಯಾಂಗಿತ್ತು ಅಂತ ಕೇಳೀನಿ.”

“ಛಲೋ ಇತ್ತು.”

“ಛಲೋ ಅಂದ್ರ?”

ಹೊಡೆದವಳ ಹೆಸರು ಗೊತ್ತಿತ್ತು, ನಂಬರು ಗೊತ್ತಿತ್ತು, ಮುಖ ಮಾತ್ರ ಬರಲಿಲ್ಲ. “ಮನಿಗೆ ಬಂದು ಹೇಳ್ತೀನಿ,” ಎಂದು ಫೋನ್ ಇಟ್ಟೆ. ಕಿಟಕಿಯಾಚೆ ಹೊಲಗಳು ಕತ್ತಲಾಗುತ್ತಿದ್ದವು. ಹೇಳಲು ಏನಾದರೂ ಇದ್ದೀತೆಂದು ಹುಡುಕಿದೆ. ಜನ ಎಷ್ಟಿದ್ದರು? ಯಾರಾದರೂ ಅತ್ತರೇ? ಮಳೆ ಬಂದಿತ್ತೇ?

ಕೋಟಿನ ತೋಳು ಮುಟ್ಟಿ ನೋಡಿಕೊಂಡೆ. ಒದ್ದೆಯಾಗಿತ್ತು. ಬಂದಿರಬೇಕು.