ಸ್ಟೀರಿಂಗಿಗೆ ಹೊಯ್ದ ಬ್ರೇಕ್ ಆಯಿಲ್

ಪರದೆ ಹೊಲಿಯುವ ಆಕೆಗೆ ಬಲಭುಜ ಎಂದೋ ಕೈಕೊಟ್ಟಿತ್ತು. ದಪ್ಪ ಬಟ್ಟೆಗೆ ದೊಡ್ಡ ಕತ್ತರಿ ಹಾಕಿ ಹಾಕಿ ಸವೆದ ಭುಜ; ತಲೆ ಬಾಚಿಕೊಳ್ಳುವಾಗಲೂ ಹಲ್ಲು ಕಚ್ಚಬೇಕು. ಆದರೂ ಪರದೆಗಳ ಗಂಟನ್ನು ಗಿರಾಕಿಗಳ ಮನೆಗೆ ತಾನೇ ಮುಟ್ಟಿಸುತ್ತಿದ್ದಳು, ಸೋದರಮಾವ ಬಿಟ್ಟುಹೋದ ಹಳೆಯ ಉದ್ದನೆಯ ಕಾರಿನಲ್ಲಿ. ಅದಕ್ಕೆ ಪವರ್ ಸ್ಟೀರಿಂಗ್ ಇತ್ತು, ಎರಡು ಬೆರಳಿಗೆ ತಿರುಗುತ್ತಿತ್ತು. ಹಾಗಾಗಿಯೇ ಆಕೆ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದಳು. ಪಂಪಿನ ಬೆಲ್ಟನ್ನು ಒತ್ತಿ ನೋಡುವಳು, ಪೈಪುಗಳನ್ನು ಚಿಂದಿ ಬಟ್ಟೆಯಿಂದ ಒರೆಸಿ ಜಿಡ್ಡು ಅಂಟಿದೆಯೇ ಎಂದು ಬೆಳಕಿಗೆ ಹಿಡಿಯುವಳು.

ಗಂಡ ಕಚೇರಿಯಿಂದ ನಿವೃತ್ತನಾಗಿದ್ದ. ಒಳ್ಳೆಯ ಮನುಷ್ಯ; ಸುಮ್ಮನೆ ಕೂರುವುದೊಂದು ಬರುತ್ತಿರಲಿಲ್ಲ.

ಒಂದು ದಿನ ಆಕೆ ಗಿರಾಕಿಯ ಮನೆಯ ಕಿಟಕಿಗಳ ಅಳತೆ ತೆಗೆದು ಬಸ್ಸಿನಲ್ಲಿ ವಾಪಸು ಬಂದಾಗ ಅವನು ಬಾಗಿಲಲ್ಲೇ ನಗುತ್ತ ನಿಂತಿದ್ದ.

"ಸ್ಟೀರಿಂಗ್ ಆಯಿಲ್ ಕಮ್ಮಿ ಆಗಿತ್ತು ಕಣೇ. ತುಂಬಿಸ್ಬಿಟ್ಟೆ."

"ಯಾವ ಆಯಿಲ್?"

"ಶೆಲ್ಫಿನ ಮೇಲಿತ್ತಲ್ಲ, ಸಣ್ಣ ಡಬ್ಬಿ."

"ಅದು ಬ್ರೇಕ್ ಆಯಿಲ್ ಕಣ್ರೀ! ಗಾಡಿ ಸ್ಟಾರ್ಟ್ ಮಾಡಿಲ್ಲ ತಾನೇ?"

"ಒಂದು ರೌಂಡ್ ಹೊಡ್ಕೊಂಡು ಬಂದೆ. ಬೆಣ್ಣೆ ಹಾಗೆ ತಿರುಗ್ತು!"

ಆವತ್ತೇ ಹಳೆಯದನ್ನೆಲ್ಲ ಹೊರಗೆ ಬಸಿದು, ಸರಿಯಾದ ಆಯಿಲ್ ಹಾಕಿ, ಅದನ್ನೂ ಬಸಿದು, ಮತ್ತೆ ಹೊಸದು ತುಂಬಿದಳು. ಆದರೆ ಒಳಗಿನ ರಬ್ಬರ್ ಸೀಲುಗಳು ಆಗಲೇ ಬ್ರೇಕ್ ಆಯಿಲ್ ಕುಡಿದಿದ್ದವು. ಕೆಲವು ವಾರಗಳಲ್ಲಿ ಅವು ಊದಿಕೊಂಡು ಮೆತ್ತಗಾಗಿ, ಪಂಪು ಸೋರತೊಡಗಿತು. ಸ್ಟೀರಿಂಗ್ ಕಲ್ಲಾಯಿತು. ಒಂದು ತಿರುವು ದಾಟಿಸುವಷ್ಟರಲ್ಲಿ ಭುಜದಿಂದ ಮೊಣಕೈವರೆಗೆ ಬೆಂಕಿ.

ಬಿಡಿಭಾಗದ ಅಂಗಡಿಯವನು ಡಬ್ಬಗಳನ್ನೆಲ್ಲ ಕೆದಕಿ, "ಈ ವಯಸ್ಸಿನ ಗಾಡಿಗೆ ಸೀಲ್ ಎಲ್ಲಿಂದ ತರ್ಲಿ ಮೇಡಂ? ಮಾರಿಬಿಡಿ" ಎಂದ. ಇನ್ನೊಬ್ಬನು ಕೊಟ್ಟ ಸೀಲು ಕೂದಲೆಳೆಯಷ್ಟು ದೊಡ್ಡದಾಯಿತು. ಬದಲಿ ಸೀಲು ಬರುವವರೆಗೆ ಪರದೆಗಳು ಮನೆಯಲ್ಲೇ ಗುಡ್ಡೆಬಿದ್ದವು, ಗಿರಾಕಿಗಳ ಫೋನಿನ ಕಾಟ ಬೇರೆ. ಕೊನೆಗೆ ಮೆಕ್ಯಾನಿಕ್ ಪಂಪು ಬಿಚ್ಚಿ ಹೊಸ ಸೀಲು ಕೂರಿಸಿದ. ಆದರೆ ಮನೆಗೆ ತಂದ ಮೇಲೂ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಪಂಪು ಹೊಟ್ಟೆನೋವು ಬಂದ ದನದಂತೆ ನರಳುತ್ತಿತ್ತು. ಪೈಪುಗಳೊಳಗೆ ಗಾಳಿ ಉಳಿದಿತ್ತು.

ಗಾಳಿ ತೆಗೆಯಲು ಇಬ್ಬರು ಬೇಕು. ಆಕೆ ಜಾಕಿ ಕೊಟ್ಟು ಮುಂದಿನ ಚಕ್ರಗಳನ್ನೆತ್ತಿ, ಕೆಳಗೆ ಭದ್ರವಾಗಿ ಆಸರೆ ಇಟ್ಟು, ಗಂಡನನ್ನು ಸ್ಟೀರಿಂಗ್ ಹಿಂದೆ ಕೂರಿಸಿದಳು. ತಾನು ಬಾನೆಟ್ಟಿನೊಳಗಿನ ಸ್ಟೀರಿಂಗ್ ಆಯಿಲ್ ತೊಟ್ಟಿಯ ಮೇಲೆ ಬಗ್ಗಿ ನಿಂತಳು.

"ಎಂಜಿನ್ ಬೇಡ. ಸುಮ್ನೆ ಈ ಕಡೆಯಿಂದ ಆ ಕಡೆಗೆ ಮೆಲ್ಲಗೆ ತಿರುಗಿಸಿ."

ಅವನು ಗರಗರನೆ ತಿರುಗಿಸಿದ. ಆಯಿಲ್ ಸೋಪಿನ ನೀರಿನಂತೆ ನೊರೆಯೆದ್ದಿತು.

"ಮೆಲ್ಲಗೆ ಅಂದೆ!"

"ಮೆಲ್ಲಗೆ ಅಂದ್ರೆ ಎಷ್ಟು ಮೆಲ್ಲಗೆ? ಹೀಗಾ?"

"ಗಾಣ ತಿರುಗಿಸ್ತಿದ್ದೀರಾ? ಬಿಡಿ, ನೊರೆ ಇಳೀಲಿ."

ನೊರೆ ಇಳಿಯುವವರೆಗೆ ಇಬ್ಬರೂ ಮುಖ ಊದಿಸಿಕೊಂಡಿದ್ದರು. ಆಮೇಲೆ ಆಕೆಗೆ ತಡೆಯಲಾಗಲಿಲ್ಲ. "ಸಹಾಯ ಮಾಡೋಕೆ ಮುಂಚೆ ಒಂದು ಮಾತು ಕೇಳೋಕೇನು ರೋಗ ನಿಮಗೆ?"

"ಬಗ್ಗಿ ಬಗ್ಗಿ ನೋಡುವಾಗ ನೀನು ಭುಜ ಹಿಡ್ಕೋತಿದ್ದೆ. ಆ ಕೆಲಸ ನಾನೇ ಮಾಡೋಣ ಅನ್ಸ್ತು," ಎಂದ ಸಣ್ಣ ದನಿಯಲ್ಲಿ.

ಆಕೆಯ ಸಿಟ್ಟು ಇಮ್ಮಡಿಯಾಯಿತು; ಸುರಿಯಲು ಜಾಗ ಮಾತ್ರ ಉಳಿಯಲಿಲ್ಲ. "ತಿರುಗಿಸಿ," ಎಂದಳು. ಈ ಸಲ ಅವನು ಉಸಿರು ಬಿಗಿಹಿಡಿದು ತಿರುಗಿಸಿದ. ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಒಡೆದವು.

ಮರುದಿನ ಪರದೆಗಳನ್ನು ಹೇರಿಕೊಂಡು ಹೊರಟರು. ಆಕೆಯ ಕೈಗೆ ಸ್ಟೀರಿಂಗ್ ಮತ್ತೆ ಹಗುರಾಗಿತ್ತು. ಆದರೆ ಪೂರ್ತಿ ಎಡಕ್ಕೆ ತಿರುಗಿಸಿದಾಗ ಎಲ್ಲೋ ಸಣ್ಣಗೆ ಕುಂಯ್ ಎಂದಿತು.

"ಚೆನ್ನಾಗಾಯ್ತಲ್ಲ!" ಎಂದ ಗಂಡ.

"ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ," ಎಂದಳು ಆಕೆ. "ಶಬ್ದ ಎಲ್ಲಿಂದ ಬರ್ತಿದೆ ಅಂತ ಕೇಳಿಸ್ಕೋತಿದ್ದೀನಿ."