ಓದಿದಂತೆ ನಟಿಸಿದ ಕಾಗದ

ಸರೋಜಕ್ಕ, ಕತಾರ್‌ಗಾಮಿನ ನಿಮ್ಮ ಇಡ್ಲಿ ಅಂಗಡಿ ಹೋದದ್ದು ನಿಮ್ಮ ತಪ್ಪಿನಿಂದಲ್ಲ, ನನ್ನಿಂದ. ನೀವು ತಂದುಕೊಟ್ಟ ಕೋರ್ಟಿನ ಕಾಗದವನ್ನು ನಾನು ಓದಲೇ ಇಲ್ಲ — ಓದಿದಂತೆ ನಟಿಸಿದೆ. ನನಗೆ ಗುಜರಾತಿ ಓದಲು ಬರುವುದಿಲ್ಲ.

ಧಾರವಾಡದಿಂದ ಗುಜರಾತಿನ ಈ ಊರಿಗೆ ವರ್ಗವಾಗಿ ಬಂದು, ಬ್ಯಾಂಕಿನ ಕಾನೂನು ವಿಭಾಗದಲ್ಲಿ ಇಂಗ್ಲಿಷ್ ಕಾಗದಗಳ ನಡುವೆಯೇ ನಿವೃತ್ತನಾದವನು ನಾನು. ಆಮೇಲೆ ಅಡಾಜಣ್‌ನ ಕನ್ನಡ ಸಂಘದ ಕೋಣೆಯಲ್ಲಿ, ಸಣ್ಣ ವ್ಯಾಪಾರಸ್ಥರಿಗೆ ಭಾನುವಾರ ಪುಕ್ಕಟೆ ಕಾನೂನು ಸಲಹೆ ಎಂದು ಬೋರ್ಡು ಹಾಕಿಸಿಕೊಂಡೆ. ನಿಮ್ಮಲ್ಲಿ ತಿಂಡಿಗೆ ಬರುವ ಯಾವ ವಜ್ರದ ಕೆಲಸಗಾರನಿಗೆ ತೋರಿಸಿದ್ದರೂ ಆ ಕಾಗದ ಓದಿ ಹೇಳುತ್ತಿದ್ದ. ನಮ್ಮವರು ಎಂದು ನನ್ನ ಬಳಿಗೆ ತಂದಿರಿ.

"ಎಂತ ಬರ್ದಿದ್ದಾರೆ ವಕೀಲ್ರೇ? ನಾನು ಹೋಗ್ಬೇಕಾ?"

ಕನ್ನಡಕ ಏರಿಸಿಕೊಂಡು ಹಾಳೆ ತಿರುವಿ ಹಾಕಿದೆ. "ಏನಿಲ್ಲ ಬಿಡ್ರಿ. ಮಾಲಕ ಬರೇ ಹೆದರಸಾಕ ಹತ್ಯಾನ."

ಮನೆಯಲ್ಲಿ ಮಗಳು ಮೇಘಾ ಇದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ಒಂದು ನಿಮಿಷದಲ್ಲಿ ಓದಿಬಿಡುತ್ತಿದ್ದಳು. ಆದರೆ ಕನ್ನಡ ಓದಲು ಬರುವುದಿಲ್ಲವೆಂದು ಅವಳನ್ನು ದಿನವೂ ಹಂಗಿಸುತ್ತಿದ್ದವನು ನಾನು — ಅವಳ ಮುಂದೆ ಇದನ್ನು ಹಿಡಿದು ನಿಲ್ಲುವುದು ಹೇಗೆ? ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅಷ್ಟು ಸಣ್ಣ ಜಂಬಕ್ಕೆ...

ಆ ಕಾಗದ ನಿಮ್ಮನ್ನು ಕರೆದಿದ್ದ ವಿಚಾರಣೆಗೆ ನೀವು ಹೋಗಲಿಲ್ಲ. ಮಾಲೀಕ ಹೇಳಿದ್ದೇ ತೀರ್ಪಾಯಿತು. ಅಂಗಡಿ ಖಾಲಿ ಮಾಡಬೇಕೆಂಬ ಆದೇಶ ಹಿಡಿದು ನೀವು ಬಂದಾಗಲಾದರೂ ನಿಜ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ: "ಆ ಕಾಗದಾ ಬಂದ ದಿವಸಾನ ತರಬೇಕಿತ್ರಿ. ತಡಾ ಮಾಡಿದ್ರಿ." ಭಾನುವಾರಕ್ಕೆ ಕಾಯುತ್ತ ನಾಲ್ಕು ದಿನ ನೀವು ಅದನ್ನು ಅಕ್ಕಿ ಡಬ್ಬದ ಮೇಲೆ ಇಟ್ಟುಕೊಂಡಿದ್ದಿರಿ. ಆ ನಾಲ್ಕು ದಿನವನ್ನೇ ನಿಮ್ಮ ತಲೆಗೆ ಕಟ್ಟಿದೆ. ನೀವು ನಂಬಿದಿರಿ. ನನಗೆ ನಾಚಿಕೆಯಾಗುತ್ತದೆ, ಸರೋಜಕ್ಕ.

ಮೂರು ವರ್ಷವಾಯಿತು. ನೀವೀಗ ಬೇರೆಯವರ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದೀರಿ. ಕಳೆದ ಭಾನುವಾರ ಟೈಲರಿಂಗ್ ಅಂಗಡಿಯ ಹೆಂಗಸೊಬ್ಬರನ್ನು ಕರೆತಂದು ನನ್ನೆದುರೇ ಅವರಿಗೆ ಹೇಳಿದಿರಿ: "ನಾನು ತಡ ಮಾಡಿ ಹಾಳಾದೆ, ನೀವು ಮಾಡ್ಬೇಡಿ. ಇವ್ರ ಹತ್ರ ಕೊಡಿ, ಒಳ್ಳೆ ಜನ." ಮೇಜಿನ ಮೇಲೆ ಬಂದು ಕುಳಿತದ್ದು ಗುಜರಾತಿ ಕಾಗದ. ನನ್ನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು — ಅಂದಿನಿಂದ ಕೂತಲ್ಲಿ ಕೂರಲಾಗಿಲ್ಲ, ನಿಂತಲ್ಲಿ ನಿಲ್ಲಲಾಗಿಲ್ಲ. ಅದನ್ನು ಮೇಘಾಳಿಂದ ಓದಿಸಿ, ಮರುದಿನವೇ ಆ ಹೆಂಗಸನ್ನು ಇಲ್ಲಿನ ವಕೀಲರೊಬ್ಬರ ಬಳಿ ಕಳಿಸಿದೆ. ಆದರೆ ನೀವು?

ಗೈರಾದದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಕೋರ್ಟು ಪ್ರಕರಣವನ್ನು ಮತ್ತೆ ತೆರೆಯಬಹುದು — ಇಷ್ಟು ತಡವಾದ ಮೇಲೆ ತೆರೆಯದೆಯೂ ಇರಬಹುದು. ಇದು ನನಗೆ ಅಂದೇ ಗೊತ್ತಿತ್ತು. ಆ ಕಾರಣ ನಾನೇ ಆಗಿದ್ದರಿಂದ ಬಾಯಿ ಬಿಡಲಿಲ್ಲ.

ಈ ಪತ್ರದ ಜೊತೆ ಒಂದು ಅಫಿಡವಿಟ್ ಇದೆ. ನಾನು ಹೇಳುತ್ತ ಹೋದೆ, ಮೇಘಾ ಗುಜರಾತಿಯಲ್ಲಿ ಬರೆದಳು. ನಾನು ನಟಿಸಿದೆ ಎಂಬ ಸಾಲಿಗೆ ಬಂದಾಗ ಅವಳ ಪೆನ್ನು ನಿಂತಿತು, ಆಮೇಲೆ ಬರೆದಳು. ಸಹಿ ಹಾಕಿದ್ದೇನೆ. ಕ್ಷಮೆ ಕೇಳುತ್ತಿಲ್ಲ. ಅದನ್ನು ಬೇರೆ ವಕೀಲರಿಗೆ ಕೊಡಿ. ಕೊಡುವ ಮೊದಲು ಗುಜರಾತಿ ಬಲ್ಲ ಯಾರಿಂದಾದರೂ ಓದಿಸಿ ಕೇಳಿ — ಅದರಲ್ಲಿ ಏನಿದೆಯೆಂದು ನಾನು ಹೇಳಿದ್ದನ್ನು ನಂಬಬೇಡಿ.